ನೆರೆಮನೆಯ ಸದ್ದು, ನಮ್ಮ ನಿದ್ದೆ

ರಾತ್ರಿ ಹನ್ನೊಂದಾಗಿದೆ. ಜಪಸರ ಮುಗಿಸಿ, ದೀಪ ಆರಿಸಿ ಮಲಗಿದ್ದೀರಿ. ಪಕ್ಕದ ಮನೆಯ ಟಿ.ವಿ. ಇನ್ನೂ ನಿಂತಿಲ್ಲ. ಮಹಡಿಯ ಮೇಲೆ ಯಾರೋ ಕುರ್ಚಿ ಎಳೆಯುತ್ತಾರೆ. "ತಾಳ್ಮೆ ಇರಲಿ, ದೇವರಿಗೆ ಒಪ್ಪಿಸು" ಎಂದು ಹೇಳಿದ ಮನೆಯವರು ಮಗ್ಗುಲು ಬದಲಿಸಿ ಗೊರಕೆ ಹೊಡೆಯುತ್ತಾರೆ. ನಿಮಗೋ, ಸಿಟ್ಟಿನ ಜೊತೆಗೆ, ಸಿಟ್ಟು ಬಂತಲ್ಲ ಎಂಬ ಪಾಪಭೀತಿಯೂ ಸೇರಿಕೊಳ್ಳುತ್ತದೆ.

ಆ ಭಯವನ್ನು ಮೊದಲು ಬಿಡಿ. ನಾವು ನಿದ್ರಿಸಿದರೂ ಕಿವಿ ಪೂರ್ತಿ ನಿದ್ರಿಸುವುದಿಲ್ಲ. ತೊಟ್ಟಿಲ ಮಗು ಮುಲುಗಿದರೆ ತಾಯಿಗೆ ಎಚ್ಚರವಾಗುವುದು ಅದರಿಂದಲೇ. ಕೆಲವರಿಗೆ ಸದ್ದು ಉಳಿದವರಿಗಿಂತ ಹೆಚ್ಚು ನಾಟುತ್ತದೆ. ಅದನ್ನು ಕೇಳಿ ಮನಸ್ಸು ಕೆರಳುವುದು ನಮ್ಮ ಇಚ್ಛೆಯಿಂದಲ್ಲ. ಆಮೇಲೆ "ಇವನು ಬೇಕೆಂದೇ ಮಾಡುತ್ತಾನೆ" ಎಂದು ನೆರೆಯವನ ಮೇಲೆ ತೀರ್ಪು ಬರೆಯಲು ಕೂರುತ್ತೇವಲ್ಲ, ನಮ್ಮ ಹೊಣೆ ಅಲ್ಲಿಂದ ಶುರು.

ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿದ್ದ ಬಾಲಯೇಸುವಿನ ಸಂತ ತೆರೇಸಾರಿಗೂ ಇಂಥದೇ ಕಿವಿ. ಸಂಜೆಯ ಧ್ಯಾನದ ಹೊತ್ತಿಗೆ ಅವರ ಹಿಂದೆ ಕುಳಿತ ಒಬ್ಬ ಸಹೋದರಿ ವಿಚಿತ್ರವಾದ ಸಣ್ಣ ಸದ್ದು ಮಾಡುತ್ತಿದ್ದರು, ಎರಡು ಚಿಪ್ಪುಗಳನ್ನು ಒಂದಕ್ಕೊಂದು ಉಜ್ಜಿದಂತೆ. ಬೇರೆ ಯಾರಿಗೂ ಅದು ಕೇಳಿಸಿದಂತಿರಲಿಲ್ಲ. ತಿರುಗಿ ದುರುಗುಟ್ಟಿ ನೋಡಬೇಕೆಂಬ ಆಸೆಯನ್ನು ತಡೆದು ತಡೆದು ತೆರೇಸಾ ಬೆವೆತುಹೋಗುತ್ತಿದ್ದರಂತೆ. ಕೇಳಿಸದಿರಲಿ ಎಂದು ಹೆಣಗುವುದು ವ್ಯರ್ಥವೆಂದು ಕಂಡಾಗ, ಅದನ್ನೇ ಸಂಗೀತ ಕಚೇರಿಯಂತೆ ಗಮನವಿಟ್ಟು ಕೇಳಿ ಪ್ರಭು ಯೇಸುವಿಗೆ ಅರ್ಪಿಸತೊಡಗಿದರು. ತಮ್ಮ ಆತ್ಮಕಥೆಯಲ್ಲಿ ಅವರೇ ಇದನ್ನು ನಗುನಗುತ್ತಾ ಬರೆದಿದ್ದಾರೆ. ಸದ್ದಿನೊಡನೆ ಜಗಳಕ್ಕೆ ನಿಂತಷ್ಟೂ ಅದು ಜೋರಾಗುತ್ತದೆ ಎಂಬುದು ನಿದ್ದೆಗೆಟ್ಟವರಿಗೆಲ್ಲ ಗೊತ್ತು.

ಆದರೆ ಒಂದು ಮಾತು. ಅದು ತೆರೇಸಾ ತಾವಾಗಿಯೇ ಅರ್ಪಿಸಿದ ಬಲಿ. ಅದನ್ನು ಇನ್ನೊಬ್ಬರಿಂದ ಕೇಳುವ ಅಧಿಕಾರ ನಮಗಿಲ್ಲ. ರಾತ್ರಿಪಾಳಿ ಮುಗಿಸಿ ಬಂದ ಮಗ ಮಲಗಿದ್ದಾಗ ಪಾತ್ರೆ ಕುಕ್ಕುತ್ತಾ, ಸೊಸೆಗೆ ತಲೆನೋವಿದ್ದಾಗ ರೇಡಿಯೋ ಜೋರು ಮಾಡುತ್ತಾ "ಸಹಿಸಿಕೊಳ್ಳಲಿ" ಎನ್ನುವುದು ಪರಪ್ರೀತಿಯಲ್ಲ. ಮುಂಜಾನೆ ಎದ್ದು ಗಟ್ಟಿದನಿಯಲ್ಲಿ ನೆರೆಯವನನ್ನು ಹರಸಿದರೂ ಅದು ಶಾಪಕ್ಕೆ ಸಮವೆಂಬ ಅರ್ಥದ ಮಾತು ಜ್ಞಾನೋಕ್ತಿ 27:14ರಲ್ಲಿದೆ. ಆಶೀರ್ವಾದಕ್ಕೇ ಹೀಗಾದರೆ ನಮ್ಮ ಮೈಕಿನ ಗತಿ ಏನು? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಕೆಲವೇ ದಿನ, ಅದೂ ಮಧ್ಯರಾತ್ರಿಯವರೆಗೆ, ಸರ್ಕಾರ ವಿನಾಯಿತಿ ಕೊಡಬಹುದು. ಅದೇ ವರ್ಷ ಸುಪ್ರೀಂ ಕೋರ್ಟು, ನೆರೆಯವರ ಶಾಂತಿ ಕೆಡಿಸಿ ಪ್ರಾರ್ಥಿಸಿರೆಂದು ಯಾವ ಧರ್ಮವೂ ಬೋಧಿಸುವುದಿಲ್ಲವೆಂದು ಹೇಳಿತು. ಆ ಮೊಕದ್ದಮೆಯಲ್ಲಿದ್ದದ್ದು ಚೆನ್ನೈನ ಒಂದು ಕ್ರೈಸ್ತ ಸಭೆಯೇ. ಪಾಲಕ ಸಂತರ ಹಬ್ಬಕ್ಕೆ ಕಂಬದ ಮೇಲೆ ಸ್ಪೀಕರ್ ಕಟ್ಟಿಸುವ ಮೊದಲು, ಗುಡಿಯ ಹಿಂದಿನ ಮನೆಗಳಲ್ಲಿ ಕಾಯಿಲೆಯವರು ಇದ್ದಾರೆಯೇ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆಯೇ ಎಂದು ಯಾರಾದರೂ ಹೋಗಿ ಕೇಳುತ್ತಾರೆಯೇ?

ನಿಮ್ಮ ನೆರೆಯವರೊಡನೆ ಮಾತಾಡುವುದಿದ್ದರೆ ನಡುರಾತ್ರಿ ಗೋಡೆ ಗುದ್ದಬೇಡಿ. ಹಗಲಲ್ಲಿ ಹೋಗಿ, ಕಾಫಿ ಕೊಟ್ಟರೆ ಕುಡಿದು, "ಹತ್ತರ ಮೇಲೆ ಸ್ವಲ್ಪ ಕಡಿಮೆ ಮಾಡುತ್ತೀರಾ?" ಎಂದು ಕೇಳಿ. ಅನೇಕರಿಗೆ ತಮ್ಮ ಸದ್ದು ಆಚೆ ಕೇಳಿಸುತ್ತದೆಂಬುದೇ ಗೊತ್ತಿರುವುದಿಲ್ಲ. ಅಲ್ಲಿಯವರೆಗೆ ಮಂಚವನ್ನು ಆ ಗೋಡೆಯಿಂದ ದೂರ ಸರಿಸಿ, ಫ್ಯಾನ್ ಹಾಕಿಕೊಳ್ಳಿ. ಅದರ ಒಂದೇ ಸಮನೆಯ ಗುಂಯ್ ಎನ್ನುವ ಸದ್ದು ಪಕ್ಕದ ಮನೆಯ ಮಾತನ್ನು ಸ್ವಲ್ಪವಾದರೂ ಮರೆಮಾಡುತ್ತದೆ.