ಹುಣ್ಣಿಮೆಯ ಮರುದಿನ ಲಿಂಡಿಸ್‌ಫಾರ್ನ್‌ನಲ್ಲಿ

(ಇಂಗ್ಲೆಂಡಿನ ಈಶಾನ್ಯ ತುದಿಯ ಬೆರಿಕ್ ಊರಿನ ಒಂದು ವಸತಿಗೃಹ. ರಾತ್ರಿ ಊಟವಾಗಿದೆ. ಲಿಂಡಿಸ್‌ಫಾರ್ನ್ ದ್ವೀಪ ನೋಡಿ ಮರಳುತ್ತಿದ್ದಾಗ ಈ ಕುಟುಂಬದ ಕಾರು ಸಮುದ್ರದ ಉಬ್ಬರಕ್ಕೆ ಸಿಕ್ಕಿತು. ಎಲ್ಲರೂ ಕ್ಷೇಮ. ಮಗ, ಮೊಮ್ಮಗು ಮಲಗಿದ್ದಾರೆ. ಮಾವ ಗಂಗೊಳ್ಳಿಯವರು. ಸೊಸೆ ಲೀಡ್ಸ್‌ನಲ್ಲಿ ನೌಕರಿಯಲ್ಲಿದ್ದಾಳೆ. ಕಾರು ಓಡಿಸುತ್ತಿದ್ದವಳು ಅವಳೇ.)

ಸೊಸೆ: ಒಂದು ಗೇಟು ಹಾಕಿದ್ದರೆ ಮುಗಿಯುತ್ತಿತ್ತಲ್ಲ, ಮಾವ? ದಿನಕ್ಕೆ ಎರಡು ಸಲ ಮುಳುಗುವ ರಸ್ತೆ. ಪ್ರತಿವರ್ಷ ಯಾರಾದರೂ ಸಿಕ್ಕಿಕೊಳ್ಳುತ್ತಾರಂತೆ. ಬೋರ್ಡು ನೆಟ್ಟು ಕೈತೊಳೆದುಕೊಂಡರೆ ಹೇಗೆ?

ಮಾವ: ಎಂಥ ಬೋರ್ಡು ಅಂತ ನೋಡಿದೆಯಲ್ಲ. ನೀರಲ್ಲಿ ಮುಳುಗಿದ ಕಾರಿನ ಚಿತ್ರ ಹಾಕಿ, ನಿಮಗೂ ಹೀಗಾದೀತು ಎಂದು ಬರೆದಿದ್ದಾರೆ. ಅದರ ಮುಂದೆಯೇ ಮಗುವನ್ನು ನಿಲ್ಲಿಸಿ ಫೋಟೊ ತೆಗೆದೆ.

ಅತ್ತೆ: ಗೇಟು ಹಾಕಿದರೆ ಏನಾಯಿತು? ನಮ್ಮೂರ ಕಡೆ ರೈಲ್ವೆ ಗೇಟು ಬಿದ್ದಿರುವಾಗಲೇ ಬೈಕು ಓರೆ ಮಾಡಿ ನುಸುಳುವುದಿಲ್ಲವೆ?

ಸೊಸೆ: ಆದರೆ ರಸ್ತೆ ಒಣಗಿತ್ತು, ಅತ್ತೆ. ನಮ್ಮ ಮುಂದೆಯೇ ಎರಡು ಕಾರು ಹೋದವು. ಕಣ್ಣೆದುರು ಕಂಡದ್ದನ್ನು ಬಿಟ್ಟು ಹಲಗೆಯ ಮೇಲಿನ ಉಬ್ಬರದ ವೇಳೆಯ ಅಂಕಿಯನ್ನು ನಂಬಬೇಕಿತ್ತೆ?

ಮಾವ: ಕಣ್ಣು ಸುಳ್ಳು ಹೇಳಲಿಲ್ಲ. ನಾವು ಹೊರಟ ಕಡೆ, ಮರಳುದಿಬ್ಬದ ಅಂಚಿನಲ್ಲಿ, ರಸ್ತೆ ಒಣಗಿಯೇ ಇತ್ತು. ನೀರು ತುಂಬಿದ್ದು ಆಚೆ ಸೇತುವೆಯ ಹತ್ತಿರದ ತಗ್ಗಿನಲ್ಲಿ. ಕಣ್ಣು ಹೇಳುವುದು ಇಲ್ಲಿಯದನ್ನು, ಈಗಿನದನ್ನು. ನಮಗೆ ಬೇಕಿದ್ದದ್ದು ಇನ್ನೈದು ನಿಮಿಷಕ್ಕೆ ಅಲ್ಲಿ ಏನಿರುತ್ತದೆ ಎಂಬುದು. ಅದನ್ನು ಹೇಳುವ ಶಕ್ತಿ ಕಣ್ಣಿಗಿಲ್ಲ. ಪ್ರತ್ಯಕ್ಷ ಒಂದೇ ಸಾಕಾಗಿದ್ದರೆ ನೈಯಾಯಿಕರು ಅನುಮಾನ, ಉಪಮಾನ, ಶಬ್ದ ಅಂತ ಇನ್ನೂ ಮೂರು ಪ್ರಮಾಣ ಯಾಕೆ ಹುಡುಕುತ್ತಿದ್ದರು?

ಸೊಸೆ: ಶಬ್ದ ಪ್ರಮಾಣವೆಂದರೆ ಆಪ್ತರ ಮಾತು, ನಂಬಿಕೆಗೆ ಅರ್ಹರಾದವರ ಮಾತು. ಬೋರ್ಡು ಹಾಕಿದವರು ನನಗೆ ಯಾವ ಆಪ್ತರು? ಈ ದೇಶದಲ್ಲಿ ಕಾಫಿ ಲೋಟದ ಮೇಲೂ ಬಿಸಿ ಇದೆ, ಜೋಕೆ ಎಂದು ಬರೆದಿರುತ್ತಾರೆ. ಎಲ್ಲದಕ್ಕೂ ಹೆದರಿಸುತ್ತಾ ಹೋದರೆ ಕೊನೆಗೆ ಯಾವುದಕ್ಕೂ ಹೆದರಿಕೆ ಆಗುವುದಿಲ್ಲ.

ಮಾವ: ಇದು ಸರಿಯಾದ ಮಾತು, ಒಪ್ಪಿದೆ. ಆದರೆ ಹೆದರಿಸುವ ಬೋರ್ಡು ಬೇರೆ, ಉಬ್ಬರದ ಪಟ್ಟಿ ಬೇರೆ. ಪಟ್ಟಿ ಎಂದರೆ ಪಂಚಾಂಗವೇ. ಯಾರೋ ಅಧಿಕಾರಿಯ ಅಭಿಪ್ರಾಯವಲ್ಲ, ಚಂದ್ರನ ಲೆಕ್ಕ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಅಷ್ಟೇ.

ಅತ್ತೆ: ಪಂಚಾಂಗ ಅಂದಿರಿ, ಅದಕ್ಕೇ ಕೇಳುತ್ತೇನೆ. ನಿನ್ನೆ ಹುಣ್ಣಿಮೆ, ನಾನು ಒಪ್ಪತ್ತು ಮಾಡಿದ್ದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಉಬ್ಬರ ಜೋರು ಅಂತ ಅಳಿವೆಯ ಪಕ್ಕದಲ್ಲೇ ಹುಟ್ಟಿ ಬೆಳೆದ ನಿಮಗೆ ನಾನು ಹೇಳಿಕೊಡಬೇಕೆ?

ಮಾವ: ಗೊತ್ತಿತ್ತು ಮಾರಾಯ್ತಿ. ಆದರೆ ನಮ್ಮಲ್ಲಿ ಏರುವುದು ಒಂದೂವರೆ ಮೀಟರಿನ ಆಸುಪಾಸು. ದೋಣಿ ಅಳಿವೆ ದಾಟುವವನಿಗೆ ಅದರ ಚಿಂತೆ, ಬಸ್ಸು ಹತ್ತುವವನಿಗಿಲ್ಲ. ಇಲ್ಲಿ ದೊಡ್ಡ ಉಬ್ಬರಕ್ಕೆ ನಾಲ್ಕು ಮೀಟರಿನಷ್ಟು ಏರುತ್ತದೆ. ಅದೂ ಅಲೆಯಾಗಿ ಅಬ್ಬರಿಸಿ ಬರುವುದಿಲ್ಲ. ಮರಳಿನ ಬಯಲಲ್ಲಿ ಅಕ್ಕಪಕ್ಕದಿಂದ ಸದ್ದಿಲ್ಲದೆ ಹರಡಿಕೊಳ್ಳುತ್ತದೆ.

ಸೊಸೆ: ಅಂದರೆ ಕಾರಿನೊಳಗೆ ಎಲ್ಲವೂ ಇತ್ತು. ಅತ್ತೆಯ ಹತ್ತಿರ ತಿಥಿ, ನಿಮ್ಮ ಹತ್ತಿರ ಸಮುದ್ರ, ನನ್ನ ಫೋನಿನಲ್ಲಿ ವೇಳಾಪಟ್ಟಿ. ಕಡಲತಡಿಯ ಮಾವ ಸುಮ್ಮನಿದ್ದಾರೆ, ಅಪಾಯ ಇರಲಾರದು ಅಂದುಕೊಂಡೆ ನಾನು.

ಮಾವ: ಇಲ್ಲಿ ಇಷ್ಟು ವರ್ಷ ಇದ್ದವಳು, ನೋಡಿಯೇ ಹೊರಟಿರುತ್ತಾಳೆ ಅಂದುಕೊಂಡೆ ನಾನು.

ಅತ್ತೆ: ಬಾಯಿ ಹಾಕಿದರೆ ತಲೆಹರಟೆ ಅನ್ನುತ್ತೀರಿ ಅಂತ ನಾನು ಬಾಯಿ ಮುಚ್ಚಿಕೊಂಡೆ. ತಡವಾದದ್ದಾದರೂ ಯಾರಿಂದ? ಕೋಟೆಯೊಳಗೆ ಇದ್ದಬದ್ದ ಬೋರ್ಡನ್ನೆಲ್ಲ ಓದಿ ಮುಗಿಸಿದವರು ಯಾರು?

ಮಾವ: ದಿಲ್ಲಿಯಲ್ಲಿ ರಾಷ್ಟ್ರಪತಿ ಭವನದ ನಕ್ಷೆ ಮಾಡಿದ ಲುಟ್ಯೆನ್ಸ್, ಅದಕ್ಕೂ ಮೊದಲು ಈ ಹಳೇ ಕೋಟೆಯನ್ನು ಮನೆಯಾಗಿ ಮಾರ್ಪಡಿಸಿದ್ದಾನೆ ಅಂದರೆ ಬಿಟ್ಟು ಬರುವುದು ಹೇಗೆ? ಇರಲಿ. ನನಗೆ ಕಾಡುವುದು ಬೇರೆ. ಸಂತ ಏಡನ್ ಈ ದ್ವೀಪಕ್ಕೆ ಬಂದು ಮಠ ಕಟ್ಟಿದ್ದು 635ರ ಸುಮಾರಿಗೆ. ಆಮೇಲೆ ಶತಮಾನಗಟ್ಟಲೆ ಯಾತ್ರಿಕರು ಮರಳ ಮೇಲೆ ನಡೆದೇ ದಾಟಿದರು. ರಸ್ತೆಯಾದದ್ದು 1954ರಲ್ಲಿ. ನಡೆಯುವವನ ಪಾದಕ್ಕೆ ತೇವ ತಾಗುತ್ತದೆ, ಅನುಮಾನ ಬಂದರೆ ತಿರುಗುತ್ತಾನೆ. ಗಾಜು ಏರಿಸಿ, ಹೀಟರ್ ಹಾಕಿ ಕೂತವನಿಗೆ ಸಮುದ್ರ ಬರೀ ನೋಟ.

ಸೊಸೆ: ಉಬ್ಬರಕ್ಕೆ ಸಿಕ್ಕಿದವರಿಗೆಂದು ಸೇತುವೆ ಪಕ್ಕ ಎತ್ತರದಲ್ಲಿ ಕಟ್ಟಿದ ಆ ಮರದ ಗೂಡಿಗೆ ಮೆಟ್ಟಿಲು ಹತ್ತುವವರೆಗೂ ನನಗದು ನೋಟವೇ ಆಗಿತ್ತು. ಮೇಲಿನಿಂದ ನೋಡಿದರೆ ಕಂದು ನೀರು ಕಾರಿನ ಬಾಗಿಲ ಹಿಡಿಯವರೆಗೆ ಬಂದಿದೆ, ಒಳಗೆ ಯಾರೂ ಇಲ್ಲ, ವೈಪರ್ ಮಾತ್ರ ತಾನಾಗಿ ಅತ್ತಿತ್ತ ಆಡುತ್ತಿದೆ. ಮಗು ನಕ್ಕಿತು. ನನಗೆ ಕೈಕಾಲು ನಡುಗಿತು. ಆದರೂ ಕೇಳುತ್ತೇನೆ ಮಾವ, ಎಲ್ಲರದೂ ಒಂದೊಂದು ಪಾಲು ಅಂದರೆ ಯಾರದೂ ತಪ್ಪಲ್ಲ ಅಂದ ಹಾಗಾಗಲಿಲ್ಲವೆ?

ಮಾವ: ಹಂಚಿದರೆ ಕಡಿಮೆಯಾಗುವುದು ಆಸ್ತಿ. ಇಲ್ಲಿ ಹಾಗಲ್ಲ. ನಾನೊಬ್ಬ ಬಾಯಿ ಬಿಟ್ಟಿದ್ದರೂ ಸಾಕಿತ್ತು. ನೀನೊಬ್ಬಳು ಫೋನು ನೋಡಿದ್ದರೂ ಸಾಕಿತ್ತು. ಒಬ್ಬರಿಂದಲೇ ತಪ್ಪಿಸಬಹುದಾಗಿದ್ದ ಮೇಲೆ ಪ್ರತಿಯೊಬ್ಬರ ಪಾಲಿಗೂ ಅದು ಇಡಿಯಾಗಿಯೇ ಬರುತ್ತದೆ.

ಸೊಸೆ: ಹಾಗಾದರೆ ಗೇಟು ಹಾಕದವರ ಪಾಲಿಗೂ ಇಡಿಯಾಗಿ ಬಂತು. ಅದನ್ನು ನಾನು ಬಿಡುವುದಿಲ್ಲ.

ಮಾವ: ಬಿಡಬೇಡ. ಅವರಿಗೆ ಒಂದು ಕಾಗದ ಬರೆ. ಆದರೆ ಆ ಕಾಗದದಲ್ಲಿ ನಾವು ಎಷ್ಟು ಹೊತ್ತಿಗೆ ಹೊರಟೆವು ಎಂಬುದನ್ನೂ ಬರೆ.

ಅತ್ತೆ: ನೀವಿಬ್ಬರೂ ನ್ಯಾಯ ತೀರಿಸುತ್ತಿರಿ. ನಮ್ಮನ್ನು ಕಾಪಾಡಿದ ಆ ದೋಣಿಯ ಹುಡುಗರ ಮಾತೇ ಇಲ್ಲವಲ್ಲ? ಮಗುವನ್ನು ಎತ್ತಿ ಇಳಿಸಿದವನ ಉಗುರಿನಲ್ಲಿ ಹಸಿ ಪೇಂಟು ಇತ್ತು. ಎಲ್ಲೋ ಬಣ್ಣ ಬಳಿಯುತ್ತಿದ್ದವನು ಕುಂಚ ಬಿಟ್ಟು ಬಂದಿದ್ದಾನೆ. ಅವನ ಪಾಲಿಗೆ ಯಾವ ತಪ್ಪು ಬಂದಿತ್ತು?

ಸೊಸೆ: ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್‌ನವರು. 1824ರಿಂದ ಇರುವ ಸಂಸ್ಥೆ, ನಡೆಯುವುದು ಜನ ಕೊಡುವ ದೇಣಿಗೆಯಿಂದ. ದೋಣಿ ಏರುವವರಲ್ಲಿ ಹೆಚ್ಚಿನವರು ಬೇರೆ ಕಸುಬಿನವರು, ಕರೆ ಬಂದಾಗ ಓಡುವವರು. ಕಾಪಾಡಿದ್ದಕ್ಕೆ ಬಿಲ್ಲು ಕಳಿಸುವುದಿಲ್ಲ.

ಅತ್ತೆ: ಹಾಗಿದ್ದರೆ ನಾವಾಗಿಯೇ ಕಳಿಸಬೇಕು. ಇವತ್ತು ರಾತ್ರಿಯೇ ಫೋನಿನಲ್ಲಿ ಕಳಿಸಿಬಿಡು. ಕಾರಿನ ವಿಮೆ ಬರಲಿ ಅಂತ ಕಾಯಬೇಡ.