ಹಳೆಯ ಗೇರ್ ಸೈಕಲ್ಲೂ ನ್ಯಾಸಾಪಹಾರವೂ

ವ್ಯಾಪಾರಿಗೆ ಧರ್ಮಸಂಕಟಗಳು ದೊಡ್ಡ ವ್ಯವಹಾರಗಳಲ್ಲಿಯೇ ಒದಗುತ್ತವೆಂದು ನಾನು ಬಹುಕಾಲ ನಂಬಿದ್ದೆ. ಆದರೆ ದೊಡ್ಡ ವ್ಯವಹಾರದಲ್ಲಿ ಕಾಗದಪತ್ರಗಳಿರುತ್ತವೆ, ಲೆಕ್ಕಪರಿಶೋಧಕರಿರುತ್ತಾರೆ, ದಾರಿ ತಪ್ಪಹೊರಟರೆ ಕೈಹಿಡಿದು ನಿಲ್ಲಿಸುವವರಿರುತ್ತಾರೆ. ಸಂತೇಪೇಟೆಯಲ್ಲಿ ನಲವತ್ತು ವರ್ಷ ಬೇಳೆಕಾಳಿನ ವ್ಯಾಪಾರ ಮಾಡಿದ ನನ್ನನ್ನು ಕಳೆದ ವರ್ಷ ಇಕ್ಕಟ್ಟಿಗೆ ಸಿಲುಕಿಸಿದ್ದು ಒಂದು ಹಳೆಯ ಸೈಕಲ್ಲು.

ಕುವೆಂಪುನಗರದ ನಮ್ಮ ಮನೆಗೆ ಎರಡು ಬೀದಿ ಆಚೆ ನಿವೃತ್ತ ಶಿಕ್ಷಕಿಯೊಬ್ಬರು ವಾಸವಾಗಿದ್ದಾರೆ. ಅವರ ಮಗ ಉದ್ಯೋಗನಿಮಿತ್ತ ಜರ್ಮನಿಗೆ ಹೋಗಿ ಮೂರು ವರ್ಷಗಳಾದವು. ಅವನು ಬಿಟ್ಟುಹೋದ ಬೆಟ್ಟದ ಸೈಕಲ್ಲು ಜಗಲಿಯಲ್ಲಿ ಧೂಳು ತಿನ್ನುತ್ತ ನಿಂತಿತ್ತು. ದಪ್ಪ ಮುಳ್ಳಿನ ಟೈರು, ಮುಂದೆ ಸ್ಪ್ರಿಂಗಿನ ಫೋರ್ಕು, ಡಿಸ್ಕ್ ಬ್ರೇಕು. ನಮ್ಮ ಮಕ್ಕಳ ಬಾಯಲ್ಲಿ ಅದು ಬರಿಯ 'ಗೇರ್ ಸೈಕಲ್'. ಒಂಬತ್ತನೆಯ ತರಗತಿಯ ನನ್ನ ಮೊಮ್ಮಗನ ಕಣ್ಣು ಅದರ ಮೇಲೆ ಬಿದ್ದು ಬಹಳ ದಿನಗಳಾಗಿದ್ದವು. ಕೇಳಲು ಹೋದಾಗ ಆ ತಾಯಿ ಹೇಳಿದರು: "ನಾಲ್ಕು ಸಾವಿರ ಕೊಟ್ಟುಬಿಡಿ ಯಜಮಾನರೇ, ಜಾಗವಾದರೂ ಖಾಲಿಯಾಗುತ್ತದೆ. ನನಗೇನು ಗೊತ್ತು ಇದರ ಬೆಲೆ? ನೀವು ವ್ಯಾಪಾರಸ್ಥರು, ಹೆಚ್ಚಾಯಿತೆನಿಸಿದರೆ ನೀವೇ ಹೇಳಿ."

ಹುಡುಗ ನನ್ನ ಅಂಗಿಯ ತುದಿಯನ್ನು ಜಗ್ಗಿ, "ತಾತ, ಏನೂ ಹೇಳಬೇಡಿ" ಎಂದು ಪಿಸುಗುಟ್ಟಿದನು. ನಾನೂ ಏನೂ ಹೇಳಲಿಲ್ಲ. ಮೆಕ್ಯಾನಿಕ್ಕಿಗೆ ತೋರಿಸಿ ತಿಳಿಸುತ್ತೇನೆಂದು ತಳ್ಳಿಕೊಂಡು ಬಂದೆ.

ಆಕೆ ಜೊತೆಗೆ ಕೊಟ್ಟ ಬಿಲ್ಲಿನಲ್ಲಿ ಆರು ವರ್ಷದ ಹಿಂದಿನ ಬೆಲೆ 42,000 ರೂಪಾಯಿ ಎಂದಿತ್ತು. ಪೆಡಲಿನ ಅಚ್ಚಿನ ಕೆಳಗೆ ಫ್ರೇಮಿನ ಮೇಲೆ ಒತ್ತಿದ ಸಂಖ್ಯೆಗೂ ಬಿಲ್ಲಿನ ಸಂಖ್ಯೆಗೂ ತಾಳೆಯಾಯಿತು. ಹಳೆಯ ಸೈಕಲ್ಲು ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ನನ್ನ ಬಾಲ್ಯದಲ್ಲಿ ನಗರಸಭೆಯವರು ಸೈಕಲ್ಲಿಗೆ ತೆರಿಗೆ ಕಟ್ಟಿಸಿಕೊಂಡು ಬಿಲ್ಲೆ ಕೊಡುತ್ತಿದ್ದರು. ಈಗ ಅದೂ ಇಲ್ಲ, ಮೋಟಾರು ವಾಹನಕ್ಕಿರುವಂತಹ ನೋಂದಣಿಯೂ ಇಲ್ಲ. ಕಳವಿನ ಮಾಲೆಂದು ತಿಳಿಯದೆ ಕೊಂಡೆನೆಂಬ ಮಾತು ವಿಚಾರಿಸದೆ ಕೊಂಡವನ ಬಾಯಲ್ಲಿ ಶೋಭಿಸುವುದಿಲ್ಲ. ಕದ್ದು ತಂದದ್ದನ್ನು ಕೊಳ್ಳುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಎಣಿಸಿದ ನಮ್ಮ ಆಚಾರ್ಯರು ವ್ಯಾಪಾರಿಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು.

ನಮ್ಮ ಅಂಗಡಿಯ ಹಿಂದಿನ ಗಲ್ಲಿಯ ಮೆಕ್ಯಾನಿಕ್ಕು ಮೊದಲು ಫ್ರೇಮಿನ ಬೆಸುಗೆಗಳನ್ನು ಬಟ್ಟೆಯಿಂದ ಒರೆಸಿ, ಹ್ಯಾಂಡಲಿನ ಕತ್ತಿನ ಬಳಿಯೂ ಪೆಡಲಿನ ಅಚ್ಚಿನ ಬಳಿಯೂ ಕೂದಲೆಳೆಯಂತಹ ಬಿರುಕೇನಾದರೂ ಇದೆಯೇ ಎಂದು ಬೆರಳಾಡಿಸಿ ನೋಡಿದನು. ಅಲ್ಯೂಮಿನಿಯಮ್ ಫ್ರೇಮು ಬಿರುಕು ಬಿಟ್ಟರೆ ಮಿಕ್ಕದ್ದೆಲ್ಲ ಗುಜರಿಯೆಂದು ಅವನ ಸಿದ್ಧಾಂತ. ಬಿರುಕಿರಲಿಲ್ಲ. ಆಮೇಲೆ ನನ್ನ ಅಂಗಡಿಯ ಅಡಿಕೋಲನ್ನೇ ತರಿಸಿ ಚೈನನ್ನು ಅಳೆದನು. ಹೊಸ ಚೈನಿನ ಇಪ್ಪತ್ತನಾಲ್ಕು ಕೊಂಡಿಗಳು, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ಸರಿಯಾಗಿ 12 ಅಂಗುಲ. ಒಂದು ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ಎಂಟನೆಯ ಒಂದು ಭಾಗ ಹೆಚ್ಚಾಗಿದ್ದರೆ ಅದು ಹಿಂದಿನ ಹಲ್ಲುಚಕ್ರಗಳನ್ನೂ ತಿಂದಿರುತ್ತದೆ. ಇಲ್ಲಿ ಎಂಟನೆಯ ಒಂದು ಭಾಗವೇ ಹೆಚ್ಚಾಗಿತ್ತು. ತೂಕ ಅಳತೆಗಳಲ್ಲೇ ಆಯುಷ್ಯ ಕಳೆದ ನನಗೆ ಸುಳ್ಳು ಹೇಳಲಾರದ ಈ ಚೈನು ಬಹಳ ಹಿಡಿಸಿತು. ಟೈರುಗಳು ನಿಂತಲ್ಲೇ ಸೀಳಿದ್ದವು, ಫೋರ್ಕಿನ ಒಳಗಿನ ಎಣ್ಣೆ ಕೆಟ್ಟಿತ್ತು. ದುರಸ್ತಿಗೆ 5,500 ಆಗುತ್ತದೆ, ಅನಂತರ 15,000ಕ್ಕೆ ಕಣ್ಣುಮುಚ್ಚಿ ಮಾರಬಹುದು ಎಂದನು.

ನಾನು ಓದಿದ ಬಿ.ಕಾಂ. ಸುಮ್ಮನಿರಲಿಲ್ಲ. ಯಂತ್ರಗಳಿಗೆ ಹಿಡಿಯುವಂತೆ ವರ್ಷಕ್ಕೆ ಶೇಕಡ 15ರಂತೆ ಸವಕಳಿ ಕಳೆದರೆ ಆರು ವರ್ಷಕ್ಕೆ ಉಳಿಯುವುದು ಸುಮಾರು 15,800. ಮೆಕ್ಯಾನಿಕ್ಕಿನ ಅಂದಾಜೂ ಪುಸ್ತಕದ ಲೆಕ್ಕವೂ ಹತ್ತಿರ ಬಂದುವು. ನಾಲ್ಕಕ್ಕೆ ಕೊಂಡು, ಐದೂವರೆ ಹಾಕಿ, ಹದಿನೈದಕ್ಕೆ ಕೊಟ್ಟರೆ ಐದೂವರೆ ಸಾವಿರ ಲಾಭ. ಹೀಗೆ ಲೆಕ್ಕ ಹಾಕುತ್ತ ನಾಲ್ಕು ದಿನ ಆ ತಾಯಿಗೆ ಏನನ್ನೂ ತಿಳಿಸದೆ ಇದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕಾನೂನು ನನ್ನ ಪಕ್ಷದಲ್ಲಿತ್ತು. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ಪ್ರಕಾರ ಸುಮ್ಮನಿರುವುದಷ್ಟೇ ವಂಚನೆಯಲ್ಲ. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಒಬ್ಬನು ರೋಗದ ಕುದುರೆಯನ್ನು ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ, ಅದು ವಂಚನೆಯಲ್ಲ. ಬೆಲೆಯ ಏರಿಳಿತದ ಗುಟ್ಟನ್ನು ಬಲ್ಲ ವರ್ತಕನು ಇನ್ನೊಬ್ಬ ವರ್ತಕನಿಗೆ ಅದನ್ನು ತಿಳಿಸಬೇಕಾಗಿಲ್ಲ. ಆದರೆ ಕೊಳ್ಳುವವಳು ಆಗ ತಾನೇ ಪ್ರಾಪ್ತವಯಸ್ಕಳಾದ ಮಗಳಾಗಿದ್ದರೆ ಹೇಳಲೇಬೇಕು. ಕೊಳ್ಳುವವನು 'ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ' ಎಂದರೆ ಮೌನವೇ ಮಾತಿಗೆ ಸಮ. ಕಾಲೇಜಿನಲ್ಲಿ ಉರುಹೊಡೆದ ಈ ಕುದುರೆ ನಾಲ್ಕು ದಶಕಗಳ ಮೇಲೆ ಸೈಕಲ್ಲಾಗಿ ನನ್ನ ಬಾಗಿಲಿಗೆ ಬಂದು ನಿಂತಿತ್ತು. 'ಹೆಚ್ಚಾಯಿತೆನಿಸಿದರೆ ನೀವೇ ಹೇಳಿ' ಎಂದವರು, ಕಡಿಮೆಯಾಗಿದ್ದರೂ ಹೇಳುವಿರೆಂದು ನಂಬಿಯೇ ಅಲ್ಲವೇ ಹಾಗೆಂದದ್ದು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ನಡುವೆ ನ್ಯಾಸಾಪಹಾರವೆಂಬುದೊಂದಿದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಅದರ ವಿವರಣೆ ಹೀಗೆ: ಹೊನ್ನನ್ನು ಅಡವಿರಿಸಿದವನು ತಾನಿಟ್ಟದ್ದೆಷ್ಟೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿಬಿಡುವುದು. ಪರರ ಹಣ ಉಳಿಯುವ ಈ ದೋಷವನ್ನು ಕಳವಿನ ಕೆಳಗೆ ಹಾಕದೆ ಸುಳ್ಳಿನ ಕೆಳಗೆ ಹಾಕಿದ್ದೇಕೆಂದು ನಾನು ಹಿಂದೆ ಅಚ್ಚರಿಪಟ್ಟಿದ್ದುಂಟು. ಕೈ ಏನನ್ನೂ ಕದಿಯುವುದಿಲ್ಲ. ಒಂದು 'ಹೌದು' ಎಲ್ಲವನ್ನೂ ಮಾಡಿಬಿಡುತ್ತದೆ. ಆ ತಾಯಿ ನನ್ನಲ್ಲಿ ಹೊನ್ನನ್ನಿಡಲಿಲ್ಲ ನಿಜ. ಬೆಲೆ ಕಟ್ಟುವ ಹೊಣೆಯನ್ನು ನನ್ನಲ್ಲಿ ಇಟ್ಟರು.

ಇಲ್ಲಿ ನಮ್ಮ ವರ್ತಕ ಮಿತ್ರರು ಆಕ್ಷೇಪಿಸುವುದುಂಟು: ಅರಿವೇ ವ್ಯಾಪಾರಿಯ ಬಂಡವಾಳ; ಅಗ್ಗದ ಜಾಗವನ್ನು ಬಲ್ಲವನು ಅದನ್ನು ಸಾರಿಹೇಳುತ್ತ ಹೋದರೆ ಅಂಗಡಿ ಮುಚ್ಚಬೇಕಾದೀತು. ಮಾತು ಸುಳ್ಳಲ್ಲ. ಈ ಬೆಟ್ಟದ ಸೈಕಲ್ಲಿನ ಹುಟ್ಟನ್ನೇ ನೋಡಿರಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಸೀಮೆಯ ಕೆಲವು ಯುವಕರು 1930-40ರ ಕಾಲದ, ಯಾರಿಗೂ ಬೇಡವಾಗಿದ್ದ ದಪ್ಪ ಟೈರಿನ ಸೈಕಲ್ಲುಗಳನ್ನು ಅಗ್ಗವಾಗಿ ಕೊಂಡು, ಬ್ರೇಕು ಗೇರುಗಳನ್ನು ಜೋಡಿಸಿ, ಟಮಾಲ್ಪೈಸ್ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸಿದರು. 1976ರಲ್ಲಿ ಪಂದ್ಯವನ್ನೇ ಏರ್ಪಡಿಸಿದರು. 1977ರಲ್ಲಿ ಜೋ ಬ್ರೀಜ್ ಎಂಬವರು ಅದಕ್ಕೆಂದೇ ಹೊಸ ಫ್ರೇಮು ಕಟ್ಟಿದರು. ಗುಜರಿಯ ಬೆಲೆಗೆ ಮಾರಿದವರಿಗೆ ಅವರು ಮೋಸ ಮಾಡಿದರೇ? ಇಲ್ಲವೆಂದೇ ನನ್ನ ಮತ. ಮಾರುವಾಗ ಆ ಬೆಲೆ ಎಲ್ಲಿಯೂ ಇರಲಿಲ್ಲ, ಕೊಂಡವರ ದುಡಿಮೆಯಿಂದ ಹುಟ್ಟಿತು. ನಮ್ಮ ಶಿಕ್ಷಕಿಯ ಸೈಕಲ್ಲಿನ ಬೆಲೆಯಾದರೋ ಆಗಲೇ ಪೇಟೆಯಲ್ಲಿತ್ತು. ಅದನ್ನು ಹುಟ್ಟಿಸಲು ನಾನು ಬೆವರು ಸುರಿಸಿರಲಿಲ್ಲ.

ಇಷ್ಟಾಗಿ ಆ ಸೈಕಲ್ಲು ನಮ್ಮ ಹುಡುಗನಿಗೆ ಒಪ್ಪುತ್ತಲೂ ಇರಲಿಲ್ಲ. ಎರಡು ಪಾದಗಳನ್ನೂ ನೆಲಕ್ಕೂರಿ ನಿಂತಾಗ ಮೇಲಿನ ಕೊಳವೆಗೂ ಮೈಗೂ ಎರಡಂಗುಲವಾದರೂ ತೆರಪಿರಬೇಕು. ಇವನು ತುದಿಗಾಲಲ್ಲಿ ನಿಲ್ಲಬೇಕಾಯಿತು. "ಬೆಳೆಯುತ್ತೇನೆ ತಾತ" ಎಂದನು. ಶಾಲೆಯ ಸಮವಸ್ತ್ರವನ್ನು ಎರಡಂಗುಲ ಉದ್ದ ಹೊಲಿಸಬಹುದು, ಓಡುವ ವಾಹನವನ್ನು ಹಾಗೆ ಕೊಳ್ಳಲಾಗದು. ಮೇಲಾಗಿ ಅವನು ಹೋಗಬೇಕಾದದ್ದು ಶಾಲೆಗೆ ಮತ್ತು ಕುಕ್ಕರಹಳ್ಳಿ ಕೆರೆಯ ಕಡೆಗೆ. ಆ ಟಾರು ರಸ್ತೆಗೆ ಮುಳ್ಳಿನ ಟೈರೂ ಸ್ಪ್ರಿಂಗಿನ ಫೋರ್ಕೂ ಹೊತ್ತು ತಿರುಗುವ ಭಾರ ಮಾತ್ರ. ಮಡ್‌ಗಾರ್ಡು, ಕ್ಯಾರಿಯರುಗಳಿರುವ ಸಾದಾ ಸೈಕಲ್ಲೇ ಮೇಲು.

ಐದನೆಯ ದಿನ ಹೋಗಿ, "ಅಮ್ಮಾ, ಇದು ಈಗಿರುವ ಸ್ಥಿತಿಯಲ್ಲಿ ಹತ್ತು ಸಾವಿರ, ದುರಸ್ತಿಯಾದರೆ ಹದಿನೈದು ಬಾಳುತ್ತದೆ, ನಮಗೆ ಅಳತೆ ಸರಿಹೋಗಲಿಲ್ಲ" ಎಂದೆ. ಆಕೆಗೆ ಬಹಳ ಸಂತೋಷವಾಯಿತು. ಮುಂದಿನ ವಾರ ಚಾಮುಂಡಿಬೆಟ್ಟದ ತಪ್ಪಲಿನ ಮಣ್ಣುದಾರಿಗಳಲ್ಲಿ ಸೈಕಲ್ಲು ಹೊಡೆಯುವ ಹುಡುಗನೊಬ್ಬನು ನೋಡಲು ಬಂದಾಗ ನನ್ನನ್ನೂ ಕರೆಸಿಕೊಂಡರು. ಸೈಕಲ್ಲಿನ ಆಸೆ ಇನ್ನೂ ಬಿಡದ ಮೊಮ್ಮಗನೂ ಹಿಂದೆಯೇ ಬಂದನು. ದುರಸ್ತಿ ಮಾಡಿಸಿರಲಿಲ್ಲ; ಆದರೂ ಆಕೆ ಹೇಳಿದ್ದು ಹದಿನೈದು ಸಾವಿರ. "ಹೆಚ್ಚು ಓಡಿಸಿಯೇ ಇಲ್ಲಪ್ಪ" ಎಂದೂ ಸೇರಿಸಿದರು. ಹಾಗೆಂದೇ ಅವರು ನಂಬಿದ್ದರು. ಹುಡುಗನು ನನ್ನ ಕಡೆ ತಿರುಗಿ, "ಚೈನು ಎಲ್ಲಾ ಸರಿಯಿದೆಯಾ ಸಾರ್?" ಎಂದು ಕೇಳಿದನು. ಜೇಬಿನಲ್ಲಿ ಅಡಿಕೋಲಿತ್ತು, ತೆಗೆದು ಅವನ ಕೈಗೆ ಕೊಟ್ಟೆ. ಸೈಕಲ್ಲು ಹತ್ತು ಸಾವಿರಕ್ಕೆ ಹೋಯಿತು.

ಅವನು ಹೋದ ಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ನನ್ನ ಕಡೆಯವರೋ ಆ ಹುಡುಗನ ಕಡೆಯವರೋ, ನನಗೆ ತಿಳಿಯಲಿಲ್ಲ ಯಜಮಾನರೇ" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಮೊಮ್ಮಗನೇ, "ನನ್ನ ಕಡೆಯಂತೂ ಅಲ್ಲ ಟೀಚರ್" ಎಂದುಬಿಟ್ಟನು. ಅವನಿಗಿನ್ನೂ ಸೈಕಲ್ಲು ಸಿಕ್ಕಿಲ್ಲ.