ತಿನ್ನದೇ ಕೊಟ್ಟ ಐದು ಸ್ಟಾರ್

ಭದ್ರಾವತಿಯಲ್ಲಿ ನಮ್ಮತ್ತೆ ಮನೆಯಲ್ಲೇ ಕೋಡುಬಳೆ, ಚಕ್ಕುಲಿ, ಹಪ್ಪಳ ಮಾಡ್ತಾರೆ. ಅದನ್ನ ಮಾರೋಕೆ ಅಂತ ಕಳೆದ ವರ್ಷ ಅವರ ಮಗಳು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪುಟ್ಟ ಅಂಗಡಿ ಹಾಕಿದಳು. ಹಳ್ಳಿಯಲ್ಲಿ ಬೆಳೆದು, ಬಿ.ಇ. ಮುಗಿಸಿ, ಬೆಂಗಳೂರಲ್ಲಿ ಕೋಡ್ ಬರೆಯೋ ನಾನು ಮನೆಯವರ ಕಣ್ಣಿಗೆ ಆನ್‌ಲೈನ್ ಪಂಡಿತ. ಹಾಗಾಗಿ ಬ್ರ್ಯಾಂಡಿಂಗ್ ಕೆಲಸ ನನ್ನ ತಲೆಗೆ ಬಂತು.

ಹೆಸರು, ಲೋಗೋ, ಇನ್‌ಸ್ಟಾಗ್ರಾಂ ಪೇಜು ಒಂದೇ ವೀಕೆಂಡಲ್ಲಿ ಮುಗೀತು. ಕಿಟಕಿ ಬೆಳಕಲ್ಲಿ ಕೋಡುಬಳೆ ಫೋಟೋ ತೆಗೆದೆ, ಅತ್ತೆ ಹಿಟ್ಟು ನಾದೋದನ್ನ ರೀಲ್ ಮಾಡಿದೆ. ಇದರಲ್ಲಿ ತಪ್ಪೇನಿಲ್ಲ; ಅಂಗಡಿ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟ ಹಾಗೆ. ಆಮೇಲೆ ಗೂಗಲ್ ಮ್ಯಾಪಿಗೆ ಅಂಗಡಿ ಸೇರಿಸಿದೆ. ರಿವ್ಯೂ ಸೊನ್ನೆ. ಆಫೀಸಿನ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿ, ‘ಐದು ಸ್ಟಾರ್ ಒತ್ರಪ್ಪ’ ಅಂದೆ. ಸಂಜೆಯೊಳಗೆ 22 ಬಂತು. ಒಬ್ಬ ‘ಅಜ್ಜಿ ಕೈರುಚಿ ನೆನಪಾಯ್ತು’ ಅಂತ ಬರೆದಿದ್ದ. ಅವನು ಶಿವಮೊಗ್ಗವನ್ನೇ ನೋಡಿಲ್ಲ.

ಹೆಮ್ಮೆಯಿಂದ ಮಾವನಿಗೆ ತೋರಿಸಿದೆ. ಮಾವ ಭದ್ರಾವತಿಯ ಕಬ್ಬಿಣ-ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ ಶುರುವಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು.

“ಇವರೆಲ್ಲ ಯಾವಾಗ ಬಂದು ತಿಂದ್ರೋ?”

“ತಿಂದಿಲ್ಲ ಮಾವ, ನನ್ನ ಫ್ರೆಂಡ್ಸು. ಎಲ್ಲರೂ ಹೀಗೇ ಮಾಡೋದು.”

“ನಾವು ಸ್ಯಾಂಪಲ್ ಟೆಸ್ಟ್ ಮಾಡದೆ ಸರ್ಟಿಫಿಕೇಟ್ ಬರೀತಿರಲಿಲ್ಲ ಕಣೋ. ಉಕ್ಕು ಚೆನ್ನಾಗೇ ಇರ್ತದೆ ಅಂತ ಗೊತ್ತಿದ್ರೂ ಬರೀತಿರಲಿಲ್ಲ.”

ಅಷ್ಟೇ ಹೇಳಿ ಪೇಪರ್ ಓದೋಕೆ ಕೂತರು. ನನಗೆ ಸಿಟ್ಟು ಬಂತು. ಅತ್ತೆಯ ಕೋಡುಬಳೆ ನಿಜಕ್ಕೂ ಚೆನ್ನಾಗಿದೆ. ಚೆನ್ನಾಗಿರೋದನ್ನ ಚೆನ್ನಾಗಿದೆ ಅಂದರೆ ಅದು ಸುಳ್ಳು ಹೇಗಾಗುತ್ತೆ?

ಬೆಂಗಳೂರು ಬಸ್ಸಲ್ಲಿ ಕೂತು ಯೋಚಿಸಿದಾಗ ಹೊಳೀತು. ಒಂದು ರಿವ್ಯೂ ಎರಡು ಮಾತು ಹೇಳುತ್ತೆ: ‘ಇದು ಚೆನ್ನಾಗಿದೆ’ ಮತ್ತು ‘ನಾನು ತಿಂದು ನೋಡಿದ್ದೇನೆ’. ಮೊದಲನೆಯದು ನಿಜ ಇರಬಹುದು. ಆದರೆ ಗೊತ್ತಿಲ್ಲದ ಗಿರಾಕಿ ಕೈ ಹಿಡಿಯೋದು ಎರಡನೆಯ ಮಾತನ್ನ. ನಾವು ಹೇಳಿದ ಸುಳ್ಳು ಅದೇ.

ಅದೇ ರಸ್ತೆಯಲ್ಲಿ ಇನ್ನೊಬ್ಬ ಹೆಂಗಸು ಎಷ್ಟೋ ವರ್ಷದಿಂದ ಚಕ್ಕುಲಿ ಮಾರ್ತಾರೆ. ಅವರಿಗಿರೋದು ಏಳು ರಿವ್ಯೂ. ಒಂದರಲ್ಲಿ ‘ಉಪ್ಪು ಸ್ವಲ್ಪ ಜಾಸ್ತಿ’ ಅಂತಿದೆ; ಅಂದರೆ ಯಾರೋ ನಿಜವಾಗಿ ತಿಂದಿದ್ದಾರೆ. ಅವರಿಗೆ ಐಟಿಯಲ್ಲಿ ಅಳಿಯ ಇಲ್ಲ. ಮ್ಯಾಪಲ್ಲಿ ಅವರನ್ನ ಹಿಂದೆ ಹಾಕಿದ್ದು ಅತ್ತೆಯ ಕೈರುಚಿ ಅಲ್ಲ, ನನ್ನ ವಾಟ್ಸಾಪ್ ಗ್ರೂಪು. ಆನ್‌ಲೈನ್ ರಿವ್ಯೂಗಳಿಗೆ ಅಂತಲೇ 2022ರಲ್ಲಿ ನಮ್ಮ ದೇಶದಲ್ಲಿ ಐಎಸ್ 19000 ಅನ್ನೋ ಮಾನದಂಡ ಬಂತು. ಬಂದಾಗ ಅದು ಕಡ್ಡಾಯವೇನಾಗಿರಲಿಲ್ಲ. ಆದರೆ ಪಕ್ಕದ ಅಂಗಡಿಯವರ ಮುಖ ನೋಡೋಕೆ ಯಾವ ಮಾನದಂಡ ಬೇಕು?

ರಿವ್ಯೂ ಬರೆದವರೇ ಅಳಿಸಬೇಕು, ಅಂಗಡಿಯವರು ಅಳಿಸೋಕಾಗಲ್ಲ. ಒಬ್ಬೊಬ್ಬರನ್ನೂ ಕೇಳಿಕೊಂಡೆ. 17 ಜನ ನಗುತ್ತಾ ಅಳಿಸಿದರು. ಉಳಿದ ಐದು ಇನ್ನೂ ಅಲ್ಲೇ ಇವೆ.

ಮಾವನ ಮಗಳಿಗೆ ಕೋಪ ಬಂತು. “ನಿನಗೇನು, ಸಂಬಳ ಬರುತ್ತೆ. ಅಂಗಡಿ ಬಾಡಿಗೆ ನಿನ್ನ ನ್ಯಾಯ-ನೀತಿ ಕಟ್ಟುತ್ತಾ?” ಅಂದಳು. ಆ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಒಂದು ತಿಂಗಳ ಬಾಡಿಗೆ ನಾನು ಕಟ್ಟಿದೆ. ಆದರೆ ಎಲ್ಲ ಅಂಗಡಿಯವರಿಗೂ ಬಾಡಿಗೆ ಕಟ್ಟೋ ನೆಂಟರು ಇರಲ್ಲ ಅನ್ನೋದೂ ನಿಜ.

ಈಗ ಅಂಗಡಿಯಲ್ಲಿ ಒಂದು ತಟ್ಟೆ ಇಟ್ಟಿದ್ದಾಳೆ. ರುಚಿ ನೋಡಿ, ಮನಸಿದ್ದರೆ ಬರೀರಿ. ಇದುವರೆಗೆ ಒಂಬತ್ತು ಜನ ಬರೆದಿದ್ದಾರೆ. ಒಬ್ಬರು ‘ಕೋಡುಬಳೆಗೆ ಖಾರ ಸಾಲದು’ ಅಂತ ಮೂರೇ ಸ್ಟಾರ್ ಕೊಟ್ಟರು. ಫೋನಲ್ಲಿ ಓದಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಹಾಗೇ ಅನಿಸಿತ್ತು” ಅಂದರು. ಮಾರನೇ ದಿನದಿಂದ ಹಿಟ್ಟಿಗೆ ಒಂದು ಚಮಚ ಖಾರದಪುಡಿ ಜಾಸ್ತಿ ಬೀಳ್ತಿದೆ. ಆ 22 ಜನರಲ್ಲಿ ಒಬ್ಬರೂ ಅವರಿಗೆ ಇದನ್ನ ಹೇಳಿರಲಿಲ್ಲ.